‘ಈಜುರೆಕ್ಕೆ’ ಎಂಬ ಪದದ ವಿಮರ್ಶೆ

ಮೀನಿನ ರೆಕ್ಕೆಯನ್ನು ಕನ್ನಡದ ವಿಜ್ಞಾನಗ್ರಂಥಗಳು ‘ಈಜುರೆಕ್ಕೆ’ ಎಂದು ವ್ಯವಹರಿಸುತ್ತವೆ. ಈಜುವುದಕ್ಕೆ ಸಾಧನವಾದ ರೆಕ್ಕೆಯೆಂಬುದು ಇದರ ಅವಯವಾರ್ಥ. ಪದವು ಸುಲಭವೂ ಶ್ರುತಿಸುಖವೂ ಆಗಿರುವುದರಲ್ಲಿ ಸಂದೇಹವಿಲ್ಲ. ಆದರೆ ಅದು ಆ ಅಂಗದ ಧರ್ಮವನ್ನು ಪೂರ್ಣವಾಗಿ ತಿಳಿಸುವುದೇ ಎಂಬುದು ಇಲ್ಲಿಯ ವಿಚಾರ. ಸಾಂಖ್ಯರ ಇಂದ್ರಿಯವಿಭಾಗವನ್ನು ಪಾಠಹೇಳುವಾಗ, ಈ ಪದವನ್ನೇ ನಂಬಿ, ಮೀನಿಗೆ ರೆಕ್ಕೆಯು ಪಾದದಂತೆ ಕರ್ಮೇಂದ್ರಿಯವೇ ಹೊರತು ಜ್ಞಾನಕ್ಕೆ ದ್ವಾರವಲ್ಲವೆಂದು ನಾನೂ ಬಹುಕಾಲ ಹೇಳುತ್ತಿದ್ದೆನು. ಆ ಮಾತನ್ನು ಈಗ ತಿದ್ದಿಕೊಳ್ಳಬೇಕಾಗಿದೆ.

ಅಮೆರಿಕದ ಸಿಹಿನೀರಿನ ಬ್ಲೂಗಿಲ್ ಎಂಬ ಮೀನಿನ ಎದೆಯ ರೆಕ್ಕೆಯನ್ನು ಶಿಕಾಗೋ ವಿಶ್ವವಿದ್ಯಾನಿಲಯದ ಮೆಲಿನಾ ಹೇಲ್ ಮೊದಲಾದವರು ಪರೀಕ್ಷಿಸಿ ೨೦೧೩ರಲ್ಲಿ ಫಲವನ್ನು ಪ್ರಕಟಿಸಿದರು. ರೆಕ್ಕೆಯ ಕಡ್ಡಿಗಳನ್ನು ಬಾಗಿಸಿದಾಗ ಅಲ್ಲಿಯ ನರತಂತುಗಳಲ್ಲಿ ಸಂಜ್ಞೆಗಳು ಹುಟ್ಟುವುವು. ಬಾಗಿನ ಪರಿಮಾಣಕ್ಕೂ ವೇಗಕ್ಕೂ ತಕ್ಕಂತೆ ಅವು ವ್ಯತ್ಯಾಸಗೊಳ್ಳುವುವು. ಅಂದರೆ ರೆಕ್ಕೆಯು ನೀರನ್ನು ತಳ್ಳುವುದಲ್ಲದೆ ತನ್ನ ಬಾಗನ್ನೂ ಅರುಹುತ್ತಿರುವುದು. ಸೀ ರಾಬಿನ್ ಎಂಬ ಕಡಲಮೀನಿನಲ್ಲಿ ಎದೆಯ ರೆಕ್ಕೆಯ ಮೊದಲ ಮೂರು ಕಡ್ಡಿಗಳು ಬಿಡಿಬಿಡಿಯಾಗಿ ಕಾಲುಗಳಂತಾಗಿವೆ. ಇವುಗಳಿಂದ ಅದು ಕಡಲತಳದಲ್ಲಿ ನಡೆಯುವುದು. ಅದರ ಒಂದು ಜಾತಿಯು ಮರಳಿನಲ್ಲಿ ಹುದುಗಿದ ಆಹಾರವನ್ನು ಈ ಕಾಲುಗಳ ಸ್ಪರ್ಶದಿಂದಲೂ ರಸಗ್ರಹಣದಿಂದಲೂ ಅರಿಯುವುದೆಂದು ೨೦೨೪ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿದೆ. ನಡೆಯುವ ಅಂಗವೇ ರುಚಿನೋಡುವ ಅಂಗವೂ ಆದಮೇಲೆ ಅದನ್ನು ಕರ್ಮದ ಪಂಕ್ತಿಯಲ್ಲಿ ಮಾತ್ರವೇ ಕೂರಿಸುವುದು ಹೇಗೆ?

ಮೈಯ ವಿಚಾರವೂ ಹೀಗೆಯೇ. ನಮ್ಮ ದೇಶದ ಹೊಳೆಗಳಲ್ಲಿಯೂ ಇರುವ ಜೀಬ್ರಾಮೀನಿನ ಮರಿಯಲ್ಲಿ ರೋಹನ್-ಬಿಯರ್ಡ್ ಕೋಶಗಳೆಂಬ ಸಂವೇದನ ನರಕೋಶಗಳು ಬೆನ್ನುಹುರಿಯೊಳಗೇ ಇವೆ. ಒಂದೊಂದೂ ಚರ್ಮಕ್ಕೆ ತಂತುವನ್ನು ಚಾಚುವುದು. ಆ ತಂತುವು ಅಲ್ಲಿ ಕವಲೊಡೆದು ಹರಡುವುದು. ಬಾಲವನ್ನು ಸೋಕಿದ ಕ್ಷಣವೇ ಮರಿಯು ಚಿಮ್ಮಿ ಓಡುವುದಕ್ಕೆ ಇವೇ ಕಾರಣ. ಬೆಳೆದಂತೆಲ್ಲ ಬೆನ್ನುಹುರಿಯ ಪಕ್ಕದ ನರಗ್ರಂಥಿಗಳ ಕೋಶಗಳು ಈ ಕಾರ್ಯವನ್ನು ಕ್ರಮೇಣ ವಹಿಸಿಕೊಳ್ಳುವುವು. ಪಾರ್ಶ್ವರೇಖೆಯನ್ನು ಮಾತ್ರ ಇದರೊಡನೆ ಬೆರಸಲಾಗದು. ಅಲ್ಲಿ ನೀರಿನ ಚಲನೆಯನ್ನು ಗ್ರಹಿಸುವುವು ರೋಮಕೋಶಗಳು. ಅವುಗಳ ವಾರ್ತೆಯನ್ನು ಒಯ್ಯುವ ನರಕೋಶಗಳು ತಲೆಯ ಗ್ರಂಥಿಗಳಲ್ಲಿವೆ.

‘ಪಂಕಜ’ವೆಂದಾಗ ಯಾರೂ ಕೆಸರನ್ನು ಹುಡುಕುವುದಿಲ್ಲ, ಹಾಗೆಯೇ ಇದೂ ಯೋಗರೂಢವಾಗಿರಲಿ ಎಂದು ಆಕ್ಷೇಪಿಸಬಹುದು. ದೃಷ್ಟಾಂತವು ವಿಷಮವಾಗಿದೆ. ತಾವರೆಯನ್ನು ಕಂಡರಿತವನು ಆ ಪದವನ್ನು ಬಳಸುತ್ತಾನೆ. ರೆಕ್ಕೆಯ ಒಳಮರ್ಮವನ್ನಾದರೋ ವಿದ್ಯಾರ್ಥಿಯು ಕಾಣಲಾರನು, ಪದದಿಂದಲೇ ಊಹಿಸುವನು. ಆ ಊಹೆಯು ಈಜಿನಲ್ಲಿಯೇ ನಿಂತುಹೋಗುವುದು.

ಹಾಗೆಂದು ರೂಢಿಯ ಪದವನ್ನು ತ್ಯಜಿಸಬೇಕಿಲ್ಲ; ಹೊಸದನ್ನು ಟಂಕಿಸುವ ಆತುರವೂ ನನಗಿಲ್ಲ. ಶಾಸ್ತ್ರಕ್ಕೂ ದೋಷವನ್ನು ಹೇಳಲಾಗದು. ತ್ವಗಿಂದ್ರಿಯವು ಸರ್ವಶರೀರವ್ಯಾಪಿಯೆಂದು ತಾರ್ಕಿಕರು ಹೇಳಿಯೇ ಇದ್ದಾರೆ, ಕೈಕಾಲುಗಳಿಗೂ ಚರ್ಮವುಂಟಷ್ಟೆ. ಅದನ್ನು ಮರೆತುದು ಪಾಠಹೇಳಿದವನ ತಪ್ಪು. ಆದರೆ ತನ್ನ ಅಂಗದ ಬಾಗನ್ನು ತಾನೇ ಅರಿಯುವುದು ಶೀತೋಷ್ಣಾದಿ ಸ್ಪರ್ಶದಂತಹುದಲ್ಲ. ಅದನ್ನು ತ್ವಕ್ಕಿನಲ್ಲಿಯೇ ಅಡಗಿಸಬಹುದೇ ಎಂಬುದನ್ನು ವಿದ್ವಾಂಸರು ವಿಚಾರಿಸಲಿ. ಅಲ್ಲಿಯವರೆಗೆ, ‘ಈಜುರೆಕ್ಕೆ’ಯೆಂದು ಹೇಳಿದೊಡನೆ ಅದು ಅರಿವಿನ ಅಂಗವೂ ಹೌದೆಂಬ ಒಂದು ಮಾತನ್ನು ಉಪಾಧ್ಯಾಯರು ಸೇರಿಸಬೇಕೆಂದು ನನ್ನ ವಿಜ್ಞಾಪನೆ.