ಮುರಾನೋದ ಗಾಜು: ಮಾಡಿದವರು ಯಾರು?

ಮಾಟುಂಗದಲ್ಲಿರುವ ನಮ್ಮ ಸದಸ್ಯರೊಬ್ಬರ ಮನೆಯ ಷೋಕೇಸಿನಲ್ಲಿ ಮೊಳದೆತ್ತರದ ಒಂದು ಹಸಿರು ಗಾಜಿನ ಬಾಟಲಿಯಿದೆ. ಮೈತುಂಬ ವಜ್ರಾಕಾರದ ಉಬ್ಬುಗಳು, ತಲೆಯ ಮೇಲೆ ಚೂಪಾದ ಮುಚ್ಚಳ. ಹಡಗಿನ ನೌಕರಿಯಲ್ಲಿದ್ದ ಅವರ ತಂದೆಯವರು ಐವತ್ತು ವರ್ಷಗಳಿಗೂ ಹಿಂದೆ ಇಟಲಿಯಿಂದ ತಂದದ್ದು. ಮನೆಯಲ್ಲಿ ಅದಕ್ಕೆ 'ವೆನಿಸ್ ಬಾಟ್ಲಿ' ಎಂದೇ ಹೆಸರು. ಕಳೆದ ತಿಂಗಳು ಊಟಕ್ಕೆ ಹೋದಾಗ ಅವರು ಅದನ್ನು ನಮ್ಮ ಕೈಗಿತ್ತು, "ಇದು ಮುರಾನೋದ್ದೇ ತಾನೆ? ಯಾವ ಕಂಪನಿಯದು ಹೇಳಿ ನೋಡೋಣ" ಎಂದರು.

ಹಳೆಯ ಇಟಾಲಿಯನ್ ಕಲಾಗಾಜಿನ ವ್ಯಾಪಾರವೆಲ್ಲ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆಯೇ. ಹೆಸರು ಸಿಕ್ಕಿದರೆ ಬೆಲೆ ಹತ್ತು ಪಟ್ಟು ಏರುತ್ತದೆ, ಸಿಗದಿದ್ದರೆ ಅದೇ ಹೂದಾನಿ ಹಳೆಯ ಸಾಮಾನಿನ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತದೆ. ಆದ್ದರಿಂದ ಹೆಸರು ಹೇಗಾದರೂ ಸಿಗಲೇಬೇಕೆಂಬ ಹಟ ಹುಟ್ಟಿಕೊಂಡಿದೆ. ಒಳಗೆ ಸಾಲಾಗಿ ಗುಳ್ಳೆಗಳಿದ್ದರೆ ಬರೋವಿಯರ್, ಎರಡು ಬಣ್ಣಗಳಿದ್ದರೆ ಸೆಗೂಸೊ, ಮುಖಗಳನ್ನು ಕೊರೆದಿದ್ದರೆ ಮಾಂದ್ರುಜ್ಜಾತೊ! ಇಂದು 'ಇರಬಹುದು' ಎಂದು ಬರೆದದ್ದು ಮುಂದಿನ ಮಾರಾಟಗಾರನ ಕೈಯಲ್ಲಿ 'ಹೌದು' ಆಗುತ್ತದೆ. ಈ ಪದ್ಧತಿಯ ಬಗ್ಗೆ ನಮಗೆ ತಕರಾರಿದೆ.

ವೆನಿಸ್ ಗಣರಾಜ್ಯವು ಬೆಂಕಿಯ ಭಯದಿಂದ ಗಾಜಿನ ಕುಲುಮೆಗಳನ್ನು ಮುರಾನೋ ದ್ವೀಪಕ್ಕೆ ಸಾಗಹಾಕಿದ್ದು 1291ರಲ್ಲಿ. ಚಿಕ್ಕ ದ್ವೀಪ, ಕೆಲವೇ ಮನೆತನಗಳು. ಸೆಗೂಸೊ, ಟೊಸೊ, ಬರೋವಿಯರ್, ಫೆರ್ರೊ ಎಂಬ ಹೆಸರುಗಳು ತಲೆಮಾರುಗಳಿಂದ ಅಲ್ಲಿ ಸುತ್ತುತ್ತಿವೆ. ಒಂದೇ ಅಡ್ಡಹೆಸರಿನವರು ಬೇರೆ ಬೇರೆ ಕಾರ್ಖಾನೆ ನಡೆಸುತ್ತಾರೆ. ಕುಶಲಕರ್ಮಿಗಳು ಒಂದು ಕುಲುಮೆಯಿಂದ ಇನ್ನೊಂದಕ್ಕೆ ಹೋಗುವಾಗ ಕೈಯ ಅಭ್ಯಾಸವನ್ನೂ ಕೊಂಡೊಯ್ಯುತ್ತಾರೆ. ಹೀಗಿರುವಾಗ ಕುಶಲತೆಯೊಂದನ್ನೇ ನೋಡಿ ಕಾರ್ಖಾನೆಯ ಹೆಸರು ಹೇಳುವುದು ಎಂತಹ ಸಾಹಸ! ಸೊಮ್ಮೆರ್ಸೊ ಎಂಬುದನ್ನೇ ತೆಗೆದುಕೊಳ್ಳಿ. ಬೋಂಡದ ಉಂಡೆಯನ್ನು ಹಿಟ್ಟಿನಲ್ಲಿ ಅದ್ದುವಂತೆ, ಬಣ್ಣದ ಗಾಜಿನ ಉಂಡೆಯನ್ನು ಇನ್ನೊಂದು ಬಣ್ಣದ ಕರಗಿದ ಗಾಜಿನಲ್ಲಿ ಅದ್ದಿ ಪದರ ಕಟ್ಟುವ ವಿಧಾನ ಅದು. ಫ್ಲಾವಿಯೊ ಪೋಲಿ ಇದನ್ನು ಸೆಗೂಸೊ ವೆತ್ರಿ ದಾರ್ತೆ ಕಾರ್ಖಾನೆಗಾಗಿ ಎತ್ತರಕ್ಕೆ ಒಯ್ದರು. 1954ರಲ್ಲಿ ಅವರಿಗೆ ಇಟಲಿಯ ಕೊಂಪಾಸೊ ದೋರೊ ಪ್ರಶಸ್ತಿಯೂ ಬಂತು. ಆದರೆ ಅದ್ದುವ ವಿದ್ಯೆ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ದ್ವೀಪದ ಹತ್ತಾರು ಕುಲುಮೆಗಳು ಪ್ರವಾಸಿಗರಿಗಾಗಿ ಅದನ್ನೇ ಮಾಡಿದವು. ಅಷ್ಟೇಕೆ, ಚೆಕ್ ದೇಶದ ಯೋಸೆಫ್ ಹೊಸ್ಪೊಡ್ಕ ರೂಪಿಸಿದ ಗಾಜೂ ಎಷ್ಟೋ ಮನೆಗಳಲ್ಲಿ ಮುರಾನೋ ಎಂದೇ ಕುಳಿತಿದೆ.

ಗುರುತು ಇದ್ದರೆ ಸಾಲದೇ ಎನ್ನುವವರುಂಟು. ಕಾಗದದ ಚೀಟಿ ನೀರು ತಗುಲಿದರೆ ಕಳಚುತ್ತದೆ, ಬೇಕೆಂದರೆ ಬೇರೆಯದಕ್ಕೆ ಅಂಟುತ್ತದೆ. 'ಮುರಾನೋ, ಇಟಲಿ' ಎಂದಷ್ಟೇ ಬರೆದ ಚೀಟಿಯನ್ನು ಅನೇಕರು ಬಳಸಿದ್ದಾರೆ. ಅದರಿಂದ ಊರು ತಿಳಿದೀತು, ಮನೆ ತಿಳಿಯದು. ವೆನೆತೊ ಪ್ರಾಂತ್ಯ ಕಾನೂನು ಮಾಡಿ 'ವೆತ್ರೊ ಆರ್ತಿಸ್ತಿಕೊ ಮುರಾನೊ' ಎಂಬ ಮುದ್ರೆಯನ್ನು ತಂದದ್ದು 1994ರಲ್ಲಿ. ಅದಕ್ಕಿಂತ ಹಳೆಯ ಗಾಜಿಗೆ ಅದು ಉಪಯೋಗಕ್ಕಿಲ್ಲ. ವೆನೀನಿ ಕಾರ್ಖಾನೆ ಮಾತ್ರ ಬಹುಕಾಲ ತಳದಲ್ಲಿ ಆಮ್ಲದಿಂದ ಸಣ್ಣ ಅಕ್ಷರಗಳನ್ನು ಒತ್ತುತ್ತಿತ್ತು, ಆಮೇಲೆ ಸೂಜಿಯಿಂದ ಕೊರೆಯುತ್ತಿತ್ತು. ಆದರೆ ಆಮ್ಲದ ಮುದ್ರೆ ಎಪ್ಪತ್ತು ವರ್ಷ ಮೇಜಿನ ಮೇಲೆ ಉಜ್ಜಿ ಸವೆದುಹೋಗುವುದೂ ಉಂಟು, ನಿನ್ನೆ ಮೊನ್ನೆ ಹೊಸದಾಗಿ ಒತ್ತಿದ ಕಳ್ಳಮುದ್ರೆಯೂ ಉಂಟು. ಎಂದರೆ, ಮುದ್ರೆಯಿಲ್ಲದ್ದು ಅಸಲಿಯಾಗಿರಬಹುದು, ಮುದ್ರೆಯಿರುವುದು ನಕಲಿಯಾಗಿರಬಹುದು.

ಹಾಗಾದರೆ ನೋಡುವುದು ಏನನ್ನು? ಕರವಸ್ತ್ರದ ಹೂದಾನಿಯೆಂದು ಹೆಸರಾದ 'ಫಾತ್ಸೊಲೆತ್ತೊ' ಇದಕ್ಕೆ ಒಳ್ಳೆಯ ಪಾಠ. ವ್ಯಂಗ್ಯಚಿತ್ರಕಾರ ಫುಲ್ವಿಯೊ ಬಿಯಾಂಕೋನಿಯವರು ಪಾವೊಲೊ ವೆನೀನಿಯವರೊಡನೆ ಸೇರಿ 1940ರ ದಶಕದ ಕೊನೆಯಲ್ಲಿ ರೂಪಿಸಿದ್ದು. ಗಾಳಿಯಲ್ಲಿ ಎತ್ತಿ ಬಿಟ್ಟ ಬಟ್ಟೆ ಅರ್ಧದಾರಿಯಲ್ಲಿ ನಿಂತುಬಿಟ್ಟಂತೆ ಕಾಣುತ್ತದೆ. ಊದಿದ ಗಾಜನ್ನು ಬಾಯಿ ತೆರೆದು, ಬಿಸಿಯಲ್ಲೇ ಅಂಚು ತನ್ನ ಭಾರಕ್ಕೆ ತಾನೇ ಇಳಿಯುವಂತೆ ಬಿಟ್ಟು ಮಾಡುವ ಕೆಲಸ. ಮಡಿಕೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಕೆಳಗೆ ಗಾಜು ದಪ್ಪ, ಅಂಚಿನ ಕಡೆ ತೆಳು. ಮುರಾನೋದ ಇತರರೂ ಇದನ್ನು ಧಾರಾಳವಾಗಿ ಅನುಕರಿಸಿದರು. ಇಂಗ್ಲೆಂಡಿನ ಚಾನ್ಸ್ ಬ್ರದರ್ಸ್ ಕಾರ್ಖಾನೆ ಅಗ್ಗದ ದಾರಿ ಹಿಡಿಯಿತು: ಹಾಳೆಗಾಜನ್ನು ಕಾಯಿಸಿ ಬಗ್ಗಿಸಿದರೆ ಕರವಸ್ತ್ರ ಸಿದ್ಧ. ಎರಡನ್ನೂ ಪಕ್ಕದಲ್ಲಿಟ್ಟು ಬೆರಳಾಡಿಸಿದರೆ ಚೀಟಿಯೇ ಬೇಡ. ಹಾಳೆಯದ್ದು ಎಲ್ಲೆಡೆ ಒಂದೇ ದಪ್ಪ; ಊದಿದ್ದರ ತಳದಲ್ಲಿ ಕಬ್ಬಿಣದ ಸಲಾಕೆಯಿಂದ ಬಿಡಿಸಿದ ಗಾಯವೋ ಅದನ್ನು ಉಜ್ಜಿ ನಯಗೊಳಿಸಿದ ಜಾಗವೋ ಇರುತ್ತದೆ. ತಳದ ಗೀರುಗಳೂ ಮಾತಾಡುತ್ತವೆ. ವರ್ಷಗಟ್ಟಲೆ ಎತ್ತಿಟ್ಟ ಗಾಜಿನಲ್ಲಿ ಅವು ದಿಕ್ಕೆಟ್ಟು ಹರಡಿರುತ್ತವೆ. ಎಲ್ಲ ಒಂದೇ ದಿಕ್ಕಿಗಿದ್ದರೆ ಯಾರೋ ಮರಳುಕಾಗದ ಹಿಡಿದಿದ್ದಾರೆಂದು ತಿಳಿಯಬೇಕು.

ಇಷ್ಟೆಲ್ಲ ನೋಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. 'ಮಾಡಿದವರು' ಎಂದರೆ ಯಾರು? ಪಾವೊಲೊ ವೆನೀನಿ ಮಿಲಾನಿನ ವಕೀಲರು. 1921ರಲ್ಲಿ ಜಾಕೊಮೊ ಕಪ್ಪೆಲ್ಲೀನರ ಜೊತೆ ಉದ್ಯಮ ತೆರೆದವರು. ಕಾರ್ಲೊ ಸ್ಕಾರ್ಪ ವಾಸ್ತುಶಿಲ್ಪಿ. ಬಿಯಾಂಕೋನಿ ಚಿತ್ರಕಾರ. ಇವರ ಹೆಸರುಗಳೇ ಬೆಲೆಚೀಟಿಯ ಮೇಲಿರುವುದು. ಸ್ಕಾರ್ಪ ಅವರು 1932ರಿಂದ 1947ರವರೆಗೆ ವೆನೀನಿಗೆ ಮಾಡಿಕೊಟ್ಟ ಕೆಲಸದ ದೊಡ್ಡ ಪ್ರದರ್ಶನ 2012ರಲ್ಲಿ ವೆನಿಸ್ಸಿನ ಸಾನ್ ಜೋರ್ಜೊ ದ್ವೀಪದಲ್ಲಿ ನಡೆಯಿತು, ಮರುವರ್ಷ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೂ ಹೋಯಿತು. ಆ ಗೌರವ ಅವರಿಗೆ ಸಲ್ಲತಕ್ಕದ್ದೇ. ಆದರೆ ಸ್ಕಾರ್ಪರ ಕಲ್ಪನೆಯನ್ನು ಕುಲುಮೆಯ ಮುಂದೆ ನಿಂತು ಉಸಿರಿನಿಂದ ಗಾಜಾಗಿಸಿದವರಲ್ಲಿ ಅರ್ತೂರೊ ಬಿಯಾಸುತ್ತೊ, ದ್ವೀಪದವರ ಬಾಯಲ್ಲಿ 'ಬೊಬೊಲಿ', ಒಬ್ಬರು. ಆ ಹೆಸರು ಬಲ್ಲ ಕೊಳ್ಳುವವರು ಎಷ್ಟು ಮಂದಿ? ಬೇಲೂರಿನ ಮದನಿಕೆಯ ಕಾಲ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರನ್ನು ಓದಿ ಬೆಳೆದ ನಮಗೆ ಈ ಲೆಕ್ಕ ಸರಿಕಾಣುವುದಿಲ್ಲ. ಹೊಣೆಯುಳ್ಳ ಪಟ್ಟಿಯೊಂದು ಕಾರ್ಖಾನೆ, ವಿನ್ಯಾಸಕಾರ, ಊದಿದ ಉಸ್ತಾದ ಈ ಮೂರನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಗೊತ್ತಿಲ್ಲದ ಕಡೆ 'ಗೊತ್ತಿಲ್ಲ' ಎಂದು ಬರೆಯುವುದಕ್ಕೆ ನಾಚಿಕೊಳ್ಳಬಾರದು. ಕಾರ್ಖಾನೆಗಳ ಹಳೆಯ ಕ್ಯಾಟಲಾಗುಗಳೂ ನಕ್ಷೆಗಳೂ ಈಗ ಅಚ್ಚಾಗಿ ದೊರೆಯುತ್ತಿರುವುದರಿಂದ ಊಹೆಗೆ ಇದ್ದ ನೆಪವೂ ಕಡಿಮೆಯಾಗಿದೆ. ಆಕಾರ, ಅಳತೆ, ಬಣ್ಣ ಮೂರೂ ಪುಟದ ಚಿತ್ರಕ್ಕೆ ಹೊಂದಿದರೆ ಮಾತ್ರ ಹೆಸರು ಹೇಳತಕ್ಕದ್ದು. ಎರಡು ಹೊಂದಿ ಒಂದು ಹೊಂದದಿದ್ದರೆ ಬಾಯಿ ಮುಚ್ಚಿಕೊಂಡಿರುವುದು ಮೇಲು.

ಮಾಟುಂಗದ ಬಾಟಲಿಗೆ ಬರೋಣ. ಅದು ಮುರಾನೋದ್ದಲ್ಲ. ಆ ಹಸಿರು, ಅಚ್ಚಿನೊಳಗೆ ಊದಿದ ಆ ವಜ್ರದ ಉಬ್ಬುಗಳು, ಆ ಮುಚ್ಚಳ ಇವೆಲ್ಲ ಟಸ್ಕನಿಯ ಎಂಪೊಲಿ ಪಟ್ಟಣದ ಗಾಜಿನ ಲಕ್ಷಣ. ದ್ರಾಕ್ಷಾರಸದ ಹುಲ್ಲುಹೊದಿಕೆಯ ಸೀಸೆಗಳನ್ನು ಊದುತ್ತಿದ್ದ ಊರು ಅದು. ಅದೇ ಹಸಿರು ಗಾಜಿನಿಂದ ಅಲಂಕಾರದ ಬಾಟಲಿಗಳನ್ನೂ ಮಾಡಿ ಹೊರದೇಶಗಳಿಗೆ ಕಳಿಸಿತು. ಕಾರ್ಖಾನೆ ಯಾವುದೆಂದು ಹೇಳಲು ಆಧಾರವಿಲ್ಲ, ನಾವು ಹೇಳಲೂ ಇಲ್ಲ. ಯಜಮಾನರ ಮುಖ ಸ್ವಲ್ಪ ಬಾಡಿತು. "ಅಪ್ಪನಿಗೆ ಯಾರೋ ಮೋಸ ಮಾಡಿದ್ದಾರೆ ಅನ್ನಿ" ಎಂದರು. ಮೋಸವೇನಿಲ್ಲ, ತಂದೆಯವರು ಇಟಲಿಯ ಬಾಟಲಿ ಕೊಂಡರು, ವೆನಿಸ್ಸನ್ನು ಸೇರಿಸಿದವರು ನೀವು ಎಂದೆವು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ತಾಯಿಯವರು ನಕ್ಕು, "ಮುಚ್ಚಳವಾದರೂ ಅದರದ್ದೇ ಹೌದೋ?" ಎಂದು ಕೇಳಿದರು. ಇಂತಹ ಬಾಟಲಿಗಳಿಗೆ ಒಂದರ ಮುಚ್ಚಳ ಇನ್ನೊಂದಕ್ಕೆ ಬಂದಿರುವುದು ಸಾಮಾನ್ಯವಾದ್ದರಿಂದ ಕೇಳಬೇಕಾದ ಪ್ರಶ್ನೆಯೇ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಹಸಿರು ಒಂದೇ, ಉಬ್ಬುಗಳ ಅಳತೆ ಒಂದೇ, ಕತ್ತಿನಲ್ಲಿ ಅಲುಗಾಡದೆ ಕೂರುತ್ತದೆ. ಅದರದ್ದೇ ಮುಚ್ಚಳ.