ಸೋಲಿಲ್ಲದ ಜೂಜು: ಪುಕ್ಕಟೆ ಆಟಗಳ ಒಂದು ವಿಮರ್ಶೆ

ಪುಕ್ಕಟೆ ಸಿಕ್ಕಿದ ವಸ್ತುವಿಗೆ ಯಾರೂ ವಿಮರ್ಶೆ ಬರೆಯುವುದಿಲ್ಲ. ಬೆಲೆ ಕೊಟ್ಟು ತಂದ ಪುಸ್ತಕ ಚೆನ್ನಾಗಿಲ್ಲದಿದ್ದರೆ ಗೊಣಗುತ್ತೇವೆ; ಟಿಕೆಟ್ಟು ಕೊಂಡು ನೋಡಿದ ನಾಟಕ ಸಪ್ಪೆಯಾದರೆ ಸಂಘದ ಕಾರ್ಯದರ್ಶಿಗಳನ್ನು ತರಾಟೆಗೆ ತೆಗೆದುಕೊಳ್ಳುತ್ತೇವೆ. ಮೊಬೈಲಿನಲ್ಲಿ ದುಡ್ಡಿಲ್ಲದೆ ದೊರೆಯುವ ಆಟದ ವಿಷಯ ಬಂದಾಗ ಮಾತ್ರ "ಪುಕ್ಕಟೆ ತಾನೇ, ಆಡಿಕೊಳ್ಳಲಿ ಬಿಡಿ" ಎಂದು ಸುಮ್ಮನಾಗುತ್ತೇವೆ. ಈ ಉದಾಸೀನದ ಮೇಲೆಯೇ ಒಂದು ದೊಡ್ಡ ವ್ಯಾಪಾರ ನಿಂತಿದೆ. ಅಂತರ್ಜಾಲದ ಆಟಗಳ ಪುಕ್ಕಟೆ ಮಾದರಿಗಳಿಗೆ, ಅಂದರೆ ಡೆಮೋಗಳಿಗೆ, ಕಡಿವಾಣ ಹಾಕಬೇಕೆ ಎಂಬ ಪ್ರಶ್ನೆ ಕೆಲವು ದೇಶಗಳಲ್ಲಿ ಈಗಾಗಲೇ ಕಾನೂನಿನ ಮಟ್ಟಕ್ಕೆ ಹೋಗಿದೆ. ನಮ್ಮಲ್ಲಿ 2025ರ ಕಾಯ್ದೆಯ ನಂತರ ಅದು ಬೇರೊಂದು ರೂಪದಲ್ಲಿ ಎದುರಾಗಿದೆ. ಉತ್ತರ ಹೇಳುವ ಮೊದಲು ಈ ಮಾದರಿಯನ್ನೇ ಒಂದು ಕೃತಿಯೆಂದು ಎತ್ತಿಕೊಂಡು ಪರಿಶೀಲಿಸುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಮಾದರಿ ಎಂದರೇನು? ದಾದರಿನ ಮಾರುಕಟ್ಟೆಯಲ್ಲಿ ಮಾವಿನ ಹಣ್ಣಿನವನು ಒಂದು ಹೋಳು ಕೊಯ್ದು ಗಿರಾಕಿಯ ಕೈಗಿಡುತ್ತಾನೆ. ಆ ಹೋಳು ಬುಟ್ಟಿಯಲ್ಲಿರುವ ಹಣ್ಣಿನದೇ ಆಗಿದ್ದರೆ ಅದು ಪ್ರಾಮಾಣಿಕ ಮಾದರಿ; ಹೋಳು ಒಂದು ಜಾತಿಯದು, ಬುಟ್ಟಿ ಇನ್ನೊಂದು ಜಾತಿಯದು ಆದರೆ ಅದು ಮೋಸ. ಮಾದರಿಯ ವಿಮರ್ಶೆಗೆ ಇದಕ್ಕಿಂತ ದೊಡ್ಡ ಶಾಸ್ತ್ರ ಬೇಕಾಗಿಲ್ಲ.

ಆಟಗಳ ಲೋಕದಲ್ಲಿ ಪ್ರಾಮಾಣಿಕ ಮಾದರಿಗೆ ಉತ್ತಮ ಉದಾಹರಣೆಯೊಂದಿದೆ. 1993ರ ಡಿಸೆಂಬರ್ 10ರಂದು ಅಮೆರಿಕದ ಇಡ್ ಸಾಫ್ಟ್‌ವೇರ್ ಎಂಬ ಸಣ್ಣ ಸಂಸ್ಥೆ 'ಡೂಮ್' ಎಂಬ ಆಟವನ್ನು ಗಣಕಜಾಲದ ಮೂಲಕ ಹೊರಬಿಟ್ಟಿತು. ಮೂರು ಭಾಗಗಳ ಆಟದಲ್ಲಿ ಮೊದಲನೆಯದು ಸಂಪೂರ್ಣ ಪುಕ್ಕಟೆ. ಪ್ರತಿ ಮಾಡಿ ಗೆಳೆಯರಿಗೆ ಹಂಚುವುದಕ್ಕೂ ಅಡ್ಡಿಯಿರಲಿಲ್ಲ. ಮೆಚ್ಚಿದವರು ಹಣ ಕಳಿಸಿ ಉಳಿದೆರಡನ್ನು ತರಿಸಿಕೊಳ್ಳಬೇಕು. ಅದು ರಕ್ತಪಾತದ ಆಟ, ಮಕ್ಕಳ ಕೈಗೆ ಕೊಡತಕ್ಕದ್ದೇ ಎಂಬುದು ಬೇರೆ ಚರ್ಚೆ. ನಮ್ಮ ವಿಷಯಕ್ಕೆ ಸಂಬಂಧಿಸಿದ್ದು ಇಷ್ಟು: ಮೊದಲ ಭಾಗದಲ್ಲಿದ್ದ ಕಷ್ಟ, ಭಯ, ಜಾಣ್ಮೆ ಎಲ್ಲವೂ ಮುಂದಿನ ಭಾಗಗಳಲ್ಲಿಯೂ ಇದ್ದವು. ಪುಕ್ಕಟೆ ಆಡಿದವನು ಸಾಯುತ್ತಿದ್ದ, ಹಣ ಕೊಟ್ಟವನೂ ಸಾಯುತ್ತಿದ್ದ. ಹೋಳೂ ಬುಟ್ಟಿಯೂ ಒಂದೇ.

ಇನ್ನು ಹಣವಿಟ್ಟು ಆಡುವ ಆಟಗಳ ಮಾದರಿಗೆ ಬರೋಣ. ಈ ಲೇಖನಕ್ಕೆಂದು ನಾವು ಅಂತಹ ಕೆಲವನ್ನು ಆಡಿ ನೋಡಿದೆವು. ಹೆಸರುಗಳು ಬೇಡ, ಹೆಸರು ಬೇರೆಯಾದರೂ ಎರಕ ಒಂದೇ. ಬಾಗಿಲು ತೆರೆಯುತ್ತಲೇ ಸಾವಿರಾರು ನಾಣ್ಯಗಳು ನಿಮ್ಮ ಲೆಕ್ಕಕ್ಕೆ ಜಮೆಯಾಗಿರುತ್ತವೆ. ಗುಂಡಿ ಒತ್ತಿದರೆ ಐದು ಗಾಲಿಗಳು ತಿರುಗುತ್ತವೆ, ಚಿತ್ರಗಳು ಸಾಲಾಗಿ ನಿಲ್ಲುತ್ತವೆ, ಗಂಟೆ ಮೊಳಗುತ್ತದೆ. ಇಪ್ಪತ್ತು ನಾಣ್ಯ ಹೂಡಿ ಎಂಟು ಮರಳಿ ಬಂದಾಗಲೂ ಅದೇ ಗಂಟೆ, ಅದೇ ಬೆಳಕು! ಹನ್ನೆರಡು ಕಳೆದುಕೊಂಡವನಿಗೆ ಜಯಘೋಷ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಯಂತ್ರದಾಟಗಳ ಈ ಗುಣವನ್ನು ಅಭ್ಯಾಸ ಮಾಡಿ, ಇದು ಗೆಲುವಿನ ವೇಷ ಹಾಕಿದ ಸೋಲು ಎಂದು ಕರೆದಿದ್ದಾರೆ. ಚಿತ್ರಗಳು ಅಂದವಾಗಿವೆ, ಸಂಗೀತ ಹದವಾಗಿದೆ, ಬೆರಳಿಗೆ ಒಂದು ಲಯ ಸಿಗುತ್ತದೆ. ಕಸುಬುದಾರಿಕೆಯಲ್ಲಿ ಕೊರತೆಯಿಲ್ಲವೆಂದು ಒಪ್ಪಲೇಬೇಕು. ಆದರೆ ನಾಣ್ಯಗಳೆಲ್ಲ ಖರ್ಚಾದಾಗ ಏನಾಗುತ್ತದೆ? ಏನೂ ಆಗುವುದಿಲ್ಲ. ಪುಟವನ್ನು ಮತ್ತೊಮ್ಮೆ ತೆರೆದರಾಯಿತು, ಗಲ್ಲಾಪೆಟ್ಟಿಗೆ ತುಂಬಿಕೊಂಡು ಕುಳಿತಿರುತ್ತದೆ.

ಈ ಕೃತಿಯ ಮೇಲೆ ನಮ್ಮ ಮುಖ್ಯ ಆಕ್ಷೇಪ ಇಲ್ಲಿಯೇ. ಜೂಜಿನ ಸಾರವಿರುವುದು ಸೋಲಿನಲ್ಲಿ. ತಿಂಗಳ ಸಂಬಳದಲ್ಲಿ ಎಷ್ಟು ಹೋಯಿತು, ಮನೆಯಲ್ಲಿ ಏನು ಹೇಳುವುದು, ನಾಳೆ ಯಾರಲ್ಲಿ ಕೈಗಡ ಕೇಳುವುದು, ಇವು ಜೂಜಿನ ಅನುಭವದ ಅಂಚಿನ ಸಂಗತಿಗಳಲ್ಲ, ಅದರ ತಿರುಳು. ಪುಕ್ಕಟೆ ಮಾದರಿ ಈ ತಿರುಳನ್ನು ತೆಗೆದು ಸಿಪ್ಪೆಯನ್ನು ಸಕ್ಕರೆಯಲ್ಲಿ ಅದ್ದಿ ಕೊಡುತ್ತದೆ. ನಮ್ಮ ಮುಂಬಯಿಯಲ್ಲಿ 1960ರ ದಶಕದಿಂದ ಬೆಳೆದ ಮಟಕಾ ಎಷ್ಟು ಸಂಸಾರಗಳನ್ನು ಮುಳುಗಿಸಿತೆಂಬುದನ್ನು ಹಿರಿಯ ಓದುಗರಿಗೆ ಹೇಳಬೇಕಾಗಿಲ್ಲ. ಆ ಮಟಕಾದಲ್ಲಿ ಕೂಡ ಪುಕ್ಕಟೆ ಮಾದರಿ ಎಂಬುದಿರಲಿಲ್ಲ. ಗಿರಣಿಯ ಕೆಲಸಗಾರ ಮೊದಲ ಚೀಟಿಗೇ ದುಡ್ಡು ಎಣಿಸಬೇಕಾಗಿತ್ತು. ಆಡಿದ ದಿನವೇ ಅವನಿಗೆ ಸೋಲಿನ ರುಚಿ ಗೊತ್ತಾಗುತ್ತಿತ್ತು.

ಮಾದರಿಯಲ್ಲಿ ಗೆಲುವಿನ ಪ್ರಮಾಣವನ್ನೇ ಹೆಚ್ಚಿಸಿಟ್ಟವರೂ ಇದ್ದಾರೆ. ಕೆನಡಾದ ಸೆವಿನಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂತರ್ಜಾಲದ 117 ಜೂಜು ತಾಣಗಳನ್ನು ಪರೀಕ್ಷಿಸಲಾಯಿತು. ಅವುಗಳಲ್ಲಿ ನೂರಕ್ಕೆ 39ರಷ್ಟು ತಾಣಗಳು ಪುಕ್ಕಟೆ ಆಟದ ವೇಳೆ ಹೂಡಿದ್ದಕ್ಕಿಂತ ಹೆಚ್ಚು ಹಿಂದಿರುಗಿಸುತ್ತಿದ್ದವು. ಹಣ ಇಟ್ಟ ಮೇಲೆ ಅಂತಹ ಔದಾರ್ಯ ತೋರಿದರೆ ಯಾವ ಅಂಗಡಿಯೂ ಒಂದು ವಾರ ನಡೆಯದು. ಬ್ರಿಟನ್ನಿನ ಜೂಜು ಆಯೋಗ ತನ್ನ ಪರವಾನಗಿದಾರರಿಗೆ ಇದನ್ನು ನಿಷೇಧಿಸಿದೆ: ಮಾದರಿಯ ನಿಯಮಗಳೂ ಗೆಲ್ಲುವ ಸಂಭವವೂ ನಿಜವಾದ ಆಟದಂತೆಯೇ ಇರತಕ್ಕದ್ದು. ಇದು ಸರಿಯಾದ ಕ್ರಮವೇ. ಆದರೆ ಇಷ್ಟರಿಂದ ಮಾದರಿ ಪ್ರಾಮಾಣಿಕವಾಯಿತೆಂದು ನಾವು ಒಪ್ಪಲಾರೆವು. ಅಂಕಿಗಳು ಸತ್ಯವಾದರೂ ಅನುಭವ ಸುಳ್ಳಾಗಿಯೇ ಉಳಿಯುತ್ತದೆ. ಕಳೆದದ್ದು ತಾನಾಗಿ ತುಂಬಿ ಬರುವ ಜೂಜು ಲೋಕದಲ್ಲಿಲ್ಲ.

ಗಮಕ ವಾಚನದಲ್ಲಿ ದ್ಯೂತ ಪ್ರಸಂಗವನ್ನು ಕೇಳಿದವರಿಗೆ ಇಲ್ಲೊಂದು ನೆನಪು ಬರಬಹುದು. ಧರ್ಮರಾಜ ಆಡಿದ್ದು ಒಂದು ಸಲವಲ್ಲ, ಎರಡು ಸಲ. ಮೊದಲ ಸಲ ಸೋತ ರಾಜ್ಯಕೋಶಗಳನ್ನೆಲ್ಲ ಧೃತರಾಷ್ಟ್ರ ಹಿಂದಕ್ಕೆ ಕೊಟ್ಟು ಕಳಿಸಿದ. ಊರು ಸೇರುವ ಮೊದಲೇ ಮತ್ತೆ ಕರೆ ಬಂತು, ಅವನು ತಿರುಗಿ ಬಂದ. ಹನ್ನೆರಡು ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸ ಎರಡನೆಯ ಆಟದ ಫಲ. ಕ್ಷತ್ರಿಯ ಧರ್ಮ, ವಿಧಿ ಎಂದೆಲ್ಲ ವ್ಯಾಖ್ಯಾನಕಾರರು ಹೇಳುತ್ತಾರೆ, ಹೇಳಲಿ. ಸೋತದ್ದು ಮರಳಿ ಕೈಸೇರಿದವನಿಗೆ ಮತ್ತೆ ಪಗಡೆ ಹಾಸಿನ ಮುಂದೆ ಕೂರುವುದು ಎಷ್ಟು ಸುಲಭವೆಂಬ ಲೌಕಿಕ ಸತ್ಯವೂ ಅಲ್ಲಿದೆಯೆಂದು ನಮ್ಮ ಅಭಿಪ್ರಾಯ.

ಪುಕ್ಕಟೆ ಮಾದರಿಗೆ ಇನ್ನೊಂದು ಉಪಯೋಗವಿದೆ, ಅದು ಜಾಹೀರಾತಿನದು. ಅಮೆರಿಕದಲ್ಲಿ 2000ದ ದಶಕದಲ್ಲಿ ಪೋಕರ್ ಸಂಸ್ಥೆಗಳು ದೂರದರ್ಶನದಲ್ಲಿ ಹಣದಾಟದ ತಾಣವನ್ನು ಹೆಸರಿಸುತ್ತಿರಲಿಲ್ಲ. ಅದೇ ಹೆಸರಿನ, ಕೊನೆಯಲ್ಲಿ 'ಡಾಟ್ ನೆಟ್' ಎಂದಿರುವ ಪುಕ್ಕಟೆ ತಾಣವನ್ನು ಸಾರುತ್ತಿದ್ದವು. 'ಡಾಟ್ ಕಾಮ್' ಎಂದು ಬರೆದುಕೊಂಡರೆ ಹಣದ ಮೇಜು. ಕಾಯ್ದೆಗೆ ನೆಟ್, ಗಿರಾಕಿಗೆ ಕಾಮ್! ನಮ್ಮ ದೇಶದಲ್ಲಿಯೂ ಈ ಜಾಣತನಕ್ಕೆ ಬರವಿಲ್ಲ. ವಿದೇಶೀ ಬೆಟ್ಟಿಂಗ್ ತಾಣಗಳು ಸುದ್ದಿತಾಣಗಳ ವೇಷದಲ್ಲಿ ಜಾಹೀರಾತು ಕೊಡುತ್ತಿರುವುದನ್ನು ಕಂಡು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2022ರ ಅಕ್ಟೋಬರಿನಲ್ಲಿ ಎಚ್ಚರಿಕೆಯ ಸೂಚನೆ ಹೊರಡಿಸಬೇಕಾಯಿತು. ಸುದ್ದಿಯ ವೇಷಕ್ಕೆ ಆಸ್ಪದವಿಲ್ಲದಾದರೆ ಪುಕ್ಕಟೆ ಆಟದ ವೇಷ ಇದ್ದೇ ಇದೆ.

ಹೀಗಿರುವಾಗ ಕಡಿವಾಣ ಯಾವ ಬಗೆಯದಾಗಿರಬೇಕು? ಎರಡು ದೇಶಗಳು ಎರಡು ದಾರಿ ಹಿಡಿದಿವೆ. ಬ್ರಿಟನ್ನಿನಲ್ಲಿ 2019ರ ಮೇ 7ರಿಂದ, ಆಡುವವನ ವಯಸ್ಸು ಹದಿನೆಂಟು ತುಂಬಿದೆಯೆಂದು ಖಾತ್ರಿಯಾಗದೆ ಜೂಜಿನ ಪುಕ್ಕಟೆ ಮಾದರಿಯನ್ನೂ ತೆರೆಯುವಂತಿಲ್ಲ. ಅಲ್ಲಿನ ಆಯೋಗದ ತರ್ಕ ನೇರವಾಗಿದೆ: ಬಹುಮಾನವಿಲ್ಲದ ಆಟ ಕಾನೂನಿನ ಅರ್ಥದಲ್ಲಿ ಜೂಜಲ್ಲ ನಿಜ, ಆದರೆ ಅದು ಮಕ್ಕಳಿಗೆ ಸಿಗುವುದಕ್ಕೆ ನ್ಯಾಯವಾದ ಕಾರಣ ಒಂದೂ ಇಲ್ಲ. ಚೀನಾ ಇದಕ್ಕಿಂತ ಬಹಳ ಮುಂದೆ ಹೋಯಿತು. 2019ರಲ್ಲಿ ಅದು ಹೆಸರು ನೋಂದಾಯಿಸದೆ ಯಾವುದೇ ಆಟವನ್ನು 'ಅತಿಥಿ'ಯಾಗಿ ಆಡಿ ನೋಡುವ ಅವಧಿಯನ್ನು ಒಂದು ಗಂಟೆಗೆ ಮಿತಿಗೊಳಿಸಿತು. ಅದೇ ಯಂತ್ರದಲ್ಲಿ ಹದಿನೈದು ದಿನಗಳೊಳಗೆ ಇನ್ನೊಮ್ಮೆ ಆ ಸೌಲಭ್ಯವಿಲ್ಲ. 2021ರ ಆಗಸ್ಟಿನಲ್ಲಿ ಆ ಒಂದು ಗಂಟೆಯನ್ನೂ ಕಿತ್ತುಹಾಕಿ, ನಿಜವಾದ ಹೆಸರು ಕೊಡದವರಿಗೆ ಯಾವ ಆಟವೂ ಕೂಡದೆಂದಿತು.

ಚೀನಾದ ದಾರಿ ನಮಗೆ ಸಮ್ಮತವಲ್ಲ. ಅದು ಮಾವಿನ ಹೋಳನ್ನೂ ಮೋಸದ ಹೋಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ನಾಲ್ಕು ಜನ ತರುಣರು ಸೇರಿ ಒಂದು ಒಗಟಿನ ಆಟ ರಚಿಸಿದರೆ, ಅದನ್ನು ಜನರ ಮುಂದಿಡಲು ಅವರಿಗಿರುವ ಸಾಧನ ಪುಕ್ಕಟೆ ಮಾದರಿಯೊಂದೇ. ಜಾಹೀರಾತಿಗೆ ಅವರಲ್ಲಿ ಹಣವಿಲ್ಲ. ಐದು ನಿಮಿಷ ಆಡಿ ನೋಡುವವನಿಂದ ಗುರುತಿನ ಚೀಟಿ ಕೇಳಿದರೆ ಅವನು ಬಾಗಿಲಿನಿಂದಲೇ ಹಿಂದಿರುಗುತ್ತಾನೆ. ದೊಡ್ಡ ಸಂಸ್ಥೆಗೆ ಇದರಿಂದ ನಷ್ಟವಿಲ್ಲ, ಅದರ ಬಳಿ ಗಿರಾಕಿಗಳ ವಿವರ ಮೊದಲೇ ಇದೆ.

ನಮ್ಮ ದೇಶದ ಕಥೆ ಸ್ವಲ್ಪ ತೊಡಕಿನದು. ಕರ್ನಾಟಕ ಸರಕಾರ 2021ರಲ್ಲಿ ಪೋಲೀಸು ಕಾಯ್ದೆಗೆ ತಿದ್ದುಪಡಿ ತಂದು ಹಣವಿಟ್ಟಾಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ರಾಜ್ಯದ ಉಚ್ಚ ನ್ಯಾಯಾಲಯ ಅದರ ಮುಖ್ಯ ಅಂಶಗಳನ್ನು ರದ್ದುಮಾಡಿತು. ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಎಂಬ ಹಳೆಯ ಭೇದವನ್ನು ಎತ್ತಿಹಿಡಿಯಿತು. ಆ ಭೇದವನ್ನೇ ಬದಿಗಿಟ್ಟು ಸಂಸತ್ತು 2025ರ ಆಗಸ್ಟಿನಲ್ಲಿ ಹೊಸ ಕಾಯ್ದೆ ಮಾಡಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ, ಗೆಲ್ಲುವ ಆಸೆಯಿಂದ ಹಣವಿಟ್ಟು ಆಡುವ ಆಟವೆಲ್ಲ ನಿಷಿದ್ಧ. ನಡೆಸುವವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಜಾಹೀರಾತು ಮಾಡುವವನಿಗೆ ಎರಡು ವರ್ಷ, ಐವತ್ತು ಲಕ್ಷ. ಹಣವಿಲ್ಲದ ಆಟಕ್ಕೆ 'ಸಾಮಾಜಿಕ ಆಟ' ಎಂಬ ಗೌರವದ ಹೆಸರಿದೆ, ಅದಕ್ಕೆ ಪ್ರೋತ್ಸಾಹವೂ ಉಂಟು. ಕಾಯ್ದೆ ಬಂದ ತಿಂಗಳಲ್ಲೇ ಡ್ರೀಮ್ ಇಲೆವೆನ್ ಮೊದಲಾದ ಸಂಸ್ಥೆಗಳು ಹಣದ ಪಂದ್ಯಗಳನ್ನು ನಿಲ್ಲಿಸಿ ಪುಕ್ಕಟೆ ಆಟಕ್ಕೆ ತಿರುಗಿದವು.

ಇಲ್ಲಿ ಒಂದು ಪ್ರಶ್ನೆ ಕೇಳಬೇಕಾಗುತ್ತದೆ. ಬ್ರಿಟನ್ನಿನಲ್ಲಿ ವಯಸ್ಕನಿಗೆ ಜೂಜಾಡಲು ಕಾನೂನಿನ ಅವಕಾಶವಿದೆ, ಆದುದರಿಂದ ಅವನಿಗೆ ಮಾದರಿಯೂ ಇರಬಹುದು. ಹಣದಾಟವನ್ನು ನಡೆಸುವುದೇ ಅಪರಾಧವೆಂದ ದೇಶದಲ್ಲಿ ಅದರ ಮಾದರಿ ಯಾರಿಗಾಗಿ? ಮಾರಲು ಅನುಮತಿಯಿಲ್ಲದ ಸರಕಿನ ತುಣುಕನ್ನು ಬೀದಿಯಲ್ಲಿ ಹಂಚುವವನು ದಾನಿಯಲ್ಲ. ಹಿಂದೆ ಹಣದ ಮೇಜೇ ಇಲ್ಲದ ಪುಕ್ಕಟೆ ರಮ್ಮಿಯನ್ನು ನಾವು ಮಾದರಿಯೆಂದು ಕರೆಯುವುದಿಲ್ಲ. ಅದು ತಾನೇ ಪೂರ್ಣವಾದ ಆಟ, ರೈಲಿನಲ್ಲಿ ಟವಲು ಹಾಸಿ ಎಲೆ ಹಂಚಿದಂತೆ. ಆದರೆ ವಿದೇಶದ ಹಣದ ತಾಣವೊಂದರ ಹೆಸರು, ಬಣ್ಣ, ಗಾಲಿಗಳನ್ನೇ ಹೊತ್ತ ಪುಕ್ಕಟೆ ಆಟವು ಆ ತಾಣದ ಜಾಹೀರಾತೇ ಸರಿ. ಜಾಹೀರಾತನ್ನು ಕಾಯ್ದೆ ನಿಷೇಧಿಸಿದೆ. ಹಾಗಾದರೆ ಹೊಸ ಕಾನೂನು ಬೇಕಾಗಿಲ್ಲ, ಇರುವ ಕಲಮನ್ನು ಈ ಅರ್ಥದಲ್ಲಿ ಓದಿದರೆ ಸಾಕು. 'ಸಾಮಾಜಿಕ ಆಟ' ಎಂಬ ಹೆಸರು ಇವಕ್ಕೆ ಸಲ್ಲಬಾರದು.

ಇದಕ್ಕೆ ಎರಡು ಮಾತುಗಳನ್ನು ಎದುರಾಗಿ ಹೇಳುವವರಿದ್ದಾರೆ. ಪುಕ್ಕಟೆ ಆಡಿ ತೃಪ್ತನಾದವನು ಹಣದಾಟಕ್ಕೆ ಹೋಗುವುದಿಲ್ಲ ಎಂಬುದು ಒಂದು. ಅಂಥವರು ಇರಬಹುದು, ಆದರೆ ಮಾದರಿ ಅಂಥವರಿಂದಲೇ ತುಂಬಿದ್ದರೆ ಅದನ್ನು ಸಾಕಲು ಯಾವ ವ್ಯಾಪಾರಿಯೂ ದುಡ್ಡು ಸುರಿಯುತ್ತಿರಲಿಲ್ಲ. ಎರಡನೆಯ ಮಾತು ಹೆಚ್ಚು ತೂಕದ್ದು: ವಯಸ್ಸಿನ ಖಾತ್ರಿಗೆಂದು ಆಧಾರ್ ಸಂಖ್ಯೆಯನ್ನು ಆಟದಂಗಡಿಯವನ ಕೈಗೆ ಕೊಡುವುದು ಕ್ಷೇಮವೇ? ತಮಿಳುನಾಡಿನಲ್ಲಿ ಹಣದಾಟಗಳಿಗೆ ಆಧಾರ್ ಪರಿಶೀಲನೆಯನ್ನೂ, ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಆಟದ ನಿಷೇಧವನ್ನೂ ವಿಧಿಸಿದಾಗ ಇದೇ ಆಕ್ಷೇಪ ಎದ್ದಿತ್ತು. ಮದರಾಸು ಉಚ್ಚ ನ್ಯಾಯಾಲಯ 2025ರ ಜೂನಿನಲ್ಲಿ ಆ ನಿಯಮಗಳನ್ನು ಎತ್ತಿಹಿಡಿಯಿತು. ನಮ್ಮ ಅಳುಕು ಇನ್ನೂ ಪೂರ್ತಿ ಹೋಗಿಲ್ಲ. ಜೂಜಿನ ಮಾದರಿಯನ್ನು ಜಾಹೀರಾತೆಂದು ಬಗೆದು ತೆಗೆದುಹಾಕಿದರೆ ಯಾರ ಗುರುತೂ ಬೇಕಾಗುವುದಿಲ್ಲ ಎಂಬುದು ನಮ್ಮ ಸಲಹೆಯ ಒಂದು ಅನುಕೂಲ.

ಕೊನೆಯದಾಗಿ ಉಳಿಯುವುದು ನಡುವಿನ ಜಾತಿ: ಆರಂಭದ ನಾಣ್ಯ ಪುಕ್ಕಟೆ, ಮುಗಿದ ಮೇಲೆ ನಾಣ್ಯವನ್ನು ನಿಜವಾದ ಹಣಕ್ಕೆ ಕೊಳ್ಳಬೇಕು, ಗೆದ್ದದ್ದನ್ನು ಮಾತ್ರ ಹಣವಾಗಿ ಪಡೆಯುವಂತಿಲ್ಲ. ಹಣ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ, ಆದುದರಿಂದ ಜೂಜಲ್ಲವಂತೆ! ಅಮೆರಿಕದಲ್ಲಿ 'ಬಿಗ್ ಫಿಶ್ ಕ್ಯಾಸಿನೊ' ಎಂಬ ಇಂತಹ ಆಟದಲ್ಲಿ ಸಾವಿರ ಡಾಲರಿಗೂ ಹೆಚ್ಚು ಕಳೆದುಕೊಂಡ ಒಬ್ಬ ಮಹಿಳೆ ದಾವೆ ಹೂಡಿದರು. ಆಟ ಮುಂದುವರಿಸುವ ಹಕ್ಕನ್ನು ಕೊಡುವ ನಾಣ್ಯವೂ ಬೆಲೆಯುಳ್ಳ ವಸ್ತುವೇ, ಆದುದರಿಂದ ವಾಷಿಂಗ್ಟನ್ ರಾಜ್ಯದ ಕಾನೂನಿನ ಪ್ರಕಾರ ಇದು ಜೂಜೇ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2018ರ ಮಾರ್ಚಿನಲ್ಲಿ ಹೇಳಿತು. 2020ರಲ್ಲಿ ವ್ಯಾಜ್ಯ 15 ಕೋಟಿ 50 ಲಕ್ಷ ಡಾಲರುಗಳ ರಾಜಿಯಲ್ಲಿ ಮುಗಿಯಿತು. ನಮ್ಮ 2025ರ ಕಾಯ್ದೆಯ ವ್ಯಾಖ್ಯೆಯಲ್ಲಿ ಹಣದಾಟವೆಂದರೆ ಗೆದ್ದು ಹಣವನ್ನೋ ಬೇರೆ ಲಾಭವನ್ನೋ ಪಡೆಯುವ ನಿರೀಕ್ಷೆಯುಳ್ಳ ಆಟ. ಮರಳಿ ಏನನ್ನೂ ಕೊಡದ ಈ ನಾಣ್ಯದಾಟ ಅದರಲ್ಲಿ ಸೇರುತ್ತದೆಯೇ? 'ಬೇರೆ ಲಾಭ' ಎಂಬ ಎರಡು ಪದಗಳನ್ನು ನಮ್ಮ ನ್ಯಾಯಾಧೀಶರು ಹೇಗೆ ಓದುತ್ತಾರೆಂಬುದರ ಮೇಲೆ ಅದು ನಿಂತಿದೆ. ಅವರು ವಾಷಿಂಗ್ಟನ್ನಿನ ತೀರ್ಪನ್ನು ಎದುರಿಗಿಟ್ಟುಕೊಂಡು ಓದಲೆಂದು ನಮ್ಮ ಅಪೇಕ್ಷೆ.