ಆರು ಅಂಕಿಗಳಿಗೆ ಇಳಿದ ನೆನಪು: ‘ಡೋಂಟ್ ಸೇ ಎ ವರ್ಡ್’ ಚಿತ್ರವನ್ನು ಕುರಿತು

ಮನೋವೈದ್ಯನ ಕಸುಬು ನಿಂತಿರುವುದು ಮಾತಿನ ಮೇಲೆ. ಅದಕ್ಕಿಂತ ಹೆಚ್ಚಾಗಿ, ಮಾತು ತಾನಾಗಿ ಬರುವವರೆಗೆ ಕಾಯುವ ವ್ಯವಧಾನದ ಮೇಲೆ. ಆ ವ್ಯವಧಾನವನ್ನೇ ಅವನಿಂದ ಕಿತ್ತುಕೊಂಡರೆ ಏನಾದೀತು ಎಂಬುದು ಒಂದು ಒಳ್ಳೆಯ ಕಥೆಗೆ ಸಾಕಾಗುವ ಪ್ರಶ್ನೆ. ಗ್ಯಾರಿ ಫ್ಲೆಡರ್ ನಿರ್ದೇಶಿಸಿ 2001ರ ಸೆಪ್ಟೆಂಬರ್ ಕೊನೆಯಲ್ಲಿ ತೆರೆಕಂಡ ಅಮೆರಿಕದ ಚಿತ್ರ ‘ಡೋಂಟ್ ಸೇ ಎ ವರ್ಡ್’ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಅರ್ಧ ದಾರಿಯಲ್ಲೇ ಕೈಬಿಡುತ್ತದೆ. ಆಂಡ್ರ್ಯೂ ಕ್ಲವನ್‌ರ ಇದೇ ಹೆಸರಿನ 1991ರ ಕಾದಂಬರಿ ಇದಕ್ಕೆ ಆಧಾರ. ಮನೋವೈಜ್ಞಾನಿಕ ರೋಚಕ ಚಿತ್ರವೆಂಬ ಪ್ರಕಾರ ತನ್ನ ವಿಶೇಷಣಕ್ಕೆ ಎಷ್ಟರಮಟ್ಟಿಗೆ ಋಣಿಯಾಗಿರಬೇಕು ಎಂಬುದನ್ನು ಈ ಚಿತ್ರದ ಸೋಲಿನಿಂದ ಚೆನ್ನಾಗಿ ಅಳೆಯಬಹುದು.

ಕಥೆ ಸರಳ. ನ್ಯೂಯಾರ್ಕಿನ ಸ್ಥಿತಿವಂತ ಮನೋವೈದ್ಯ ನೇಥನ್ ಕಾನ್ರಾಡ್ (ಮೈಕಲ್ ಡಗ್ಲಸ್) ಹದಿಹರೆಯದವರ ಚಿಕಿತ್ಸೆಯಲ್ಲಿ ಹೆಸರು ಮಾಡಿದವನು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮುನ್ನಾದಿನ ಸಹೋದ್ಯೋಗಿಯೊಬ್ಬ ಅವನನ್ನು ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಕರೆಸಿ, ಎಲಿಜಬೆತ್ ಬರೋಸ್ ಎಂಬ ಹದಿನೆಂಟರ ಹುಡುಗಿಯನ್ನು ನೋಡೆನ್ನುತ್ತಾನೆ. ಮರುದಿನ ಬೆಳಗಾಗುವಷ್ಟರಲ್ಲಿ ಕಾನ್ರಾಡನ ಎಂಟು ವರ್ಷದ ಮಗಳು ಮನೆಯಲ್ಲಿಲ್ಲ. ಅಪಹರಿಸಿದವರು ಹಣ ಕೇಳುವುದಿಲ್ಲ. ಎಲಿಜಬೆತ್‌ಳ ನೆನಪಿನಲ್ಲಿರುವ ಆರು ಅಂಕಿಗಳ ಒಂದು ಸಂಖ್ಯೆಯನ್ನು ಸಂಜೆ ಐದು ಗಂಟೆಯೊಳಗೆ ಹೊರತೆಗೆದು ಕೊಡಬೇಕು. ಹತ್ತು ವರ್ಷದ ಹಿಂದೆ ಬ್ಯಾಂಕೊಂದರಿಂದ ದೋಚಿದ ಕೆಂಪು ವಜ್ರವೊಂದನ್ನು ಆಕೆಯ ತಂದೆ ಜೊತೆಗಾರರಿಗೆ ಕೈಕೊಟ್ಟು ಒಯ್ದಿದ್ದ. ಅದರ ಜಾಡು ಆ ಸಂಖ್ಯೆಯಲ್ಲಿದೆ.

ಚಿತ್ರದಲ್ಲಿ ನಿಜಕ್ಕೂ ಹೊಸದೊಂದು ಹೊಳಹು ಇದೆ, ಅದು ಎಲಿಜಬೆತ್‌ಳದು. ಹತ್ತು ವರ್ಷಗಳಲ್ಲಿ ಅವಳು ಒಂದಾದ ಮೇಲೊಂದು ಆಸ್ಪತ್ರೆಗಳನ್ನು ಕಂಡಿದ್ದಾಳೆ. ಒಂದೊಂದು ಕಡೆ ಒಂದೊಂದು ರೋಗನಿರ್ಣಯ. ಅವಳು ರೋಗಲಕ್ಷಣಗಳನ್ನು ನಟಿಸುತ್ತಿದ್ದಾಳೆ ಎಂಬುದು ಕಾನ್ರಾಡನಿಗೆ ಬೇಗನೆ ಹೊಳೆಯುತ್ತದೆ. ವೈದ್ಯರು ಯಾವ ಭಾಷೆಯಲ್ಲಿ ಓದಬಲ್ಲರೋ ಆ ಭಾಷೆಯಲ್ಲಿ ತನ್ನನ್ನು ಬರೆದುಕೊಟ್ಟು, ಅದರ ಹಿಂದೆ ತಾನು ಅಡಗಿ ಬದುಕಿದ್ದಾಳೆ. ಅವಳ ಮೌನ ಮರೆವಿನ ಮೌನವಲ್ಲ, ಕಾವಲಿನ ಮೌನ. ಎದುರಿನವರಿಗೆ ತಕ್ಕ ಭಾಷೆಯನ್ನು ತೊಟ್ಟು ಒಳಗಿನದನ್ನು ಮನೆಯೊಳಗೇ ಇಟ್ಟುಕೊಳ್ಳುವ ಈ ಕ್ರಮ ಗಡಿಪ್ರದೇಶಗಳ ದ್ವಿಭಾಷಿಕರಿಗೆ ವಿವರಿಸಬೇಕಾದ ಸಂಗತಿಯೇನಲ್ಲ. ಬ್ರಿಟನಿ ಮರ್ಫಿ ಇದನ್ನು ಅರಿತು ಅಭಿನಯಿಸಿದ್ದಾರೆ. ತಾನೆಂದೂ ಹೇಳಲಾರೆನೆಂದು ಮಕ್ಕಳಾಟದ ರಾಗದಲ್ಲಿ ಅವರು ಎಳೆಯುವ ಮಾತಿನಲ್ಲಿ ಹೆದರಿಕೆಯೂ ಗೇಲಿಯೂ ಒಂದೇ ಉಸಿರಿನಲ್ಲಿವೆ.

ಇಷ್ಟನ್ನು ಕೈಯಲ್ಲಿ ಹಿಡಿದ ಚಿತ್ರ ಮುಂದೆ ಮಾಡುವುದೇನು? ಕಾವಲಿನ ಮೌನವನ್ನು ತಿಜೋರಿಯನ್ನಾಗಿಸುತ್ತದೆ. ವೈದ್ಯ ಅವಳನ್ನು ಆಸ್ಪತ್ರೆಯಿಂದ ಹೊರಗೆ ಕರೆದೊಯ್ದು, ಅವಳ ತಂದೆಯನ್ನು ರೈಲಿನಡಿಗೆ ತಳ್ಳಿದ ಸುರಂಗ ನಿಲ್ದಾಣದಲ್ಲಿ ನಿಲ್ಲಿಸುತ್ತಾನೆ. ಒಡನೆ ಹಿನ್ನೋಟಗಳು ಒಂದೊಂದಾಗಿ, ಕ್ರಮತಪ್ಪದೆ, ಕ್ಯಾಮೆರಾ ಕಂಡಷ್ಟೇ ನಿಚ್ಚಳವಾಗಿ ತೆರೆದುಕೊಳ್ಳುತ್ತವೆ. ನೆನಪು ಮುಚ್ಚಿಟ್ಟ ಚಿತ್ರಸುರುಳಿ, ಸರಿಯಾದ ಕೀಲಿ ಸಿಕ್ಕರೆ ಅದು ತಾನಾಗಿ ಓಡುತ್ತದೆ ಎಂಬ ನಂಬಿಕೆ ಹಿಚ್‌ಕಾಕ್‌ರ ‘ಸ್ಪೆಲ್‌ಬೌಂಡ್’ (1945) ಕಾಲದಿಂದ ಈ ಪ್ರಕಾರಕ್ಕೆ ಅಂಟಿದ್ದು. ಆದರೆ 2001ರ ವೇಳೆಗೆ ಅಮೆರಿಕದಲ್ಲಿ ಚೇತರಿಸಿದ ನೆನಪುಗಳ ವಿಶ್ವಾಸಾರ್ಹತೆಯ ಕುರಿತು ನ್ಯಾಯಾಲಯಗಳಲ್ಲೂ ಮನಶ್ಶಾಸ್ತ್ರದಲ್ಲೂ ಒಂದು ದಶಕದ ಕಟು ವಾಗ್ವಾದ ನಡೆದಿತ್ತು. ಎಲಿಜಬೆತ್ ಲಾಫ್ಟಸ್‌ರ ಪ್ರಯೋಗಗಳು ನೆನಪನ್ನು ಹೊರಗಿನಿಂದ ನೆಡಲೂ ಸಾಧ್ಯವೆಂದು ತೋರಿಸಿದ್ದವು. ಗಡುವಿನ ಒತ್ತಡದಲ್ಲಿ, ಉತ್ತರ ಬೇಕೇ ಬೇಕೆನ್ನುವ ವೈದ್ಯನ ಮುಂದೆ ಕುಳಿತ ಹುಡುಗಿ ತಪ್ಪು ಸಂಖ್ಯೆಯನ್ನೂ ಹೇಳಬಹುದಲ್ಲ! ಈ ಒಂದು ಸಂಶಯಕ್ಕೆ ಎಡೆಗೊಟ್ಟಿದ್ದರೂ ಚಿತ್ರದ ಕೊನೆಯ ಅರ್ಧ ಗಂಟೆಗೆ ಜೀವ ಬರುತ್ತಿತ್ತು.

ಇದಕ್ಕಿಂತ ಗಂಭೀರವಾದದ್ದು ನೈತಿಕ ಪ್ರಶ್ನೆಯ ಹಾರಿಕೆ. ರೋಗಿಯಿಂದ ಮತ್ತೊಬ್ಬರಿಗೆ ಅಪಾಯವಿದ್ದಾಗ ಗೋಪ್ಯತೆ ಹಿಂದೆ ಸರಿಯಬೇಕೆಂಬುದನ್ನು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಟರಾಸಾಫ್ ಪ್ರಕರಣದಲ್ಲಿ 1976ರಲ್ಲೇ ಹೇಳಿತ್ತು. ಇಲ್ಲಿರುವುದು ಅದರ ತಿರುವುಮುರುವು: ಅಪಾಯ ಬಂದಿರುವುದು ರೋಗಿಯಿಂದಲ್ಲ, ಬೆಲೆ ತೆರಬೇಕಾದವಳು ಮಾತ್ರ ಅವಳೇ. ತನ್ನ ಮಗುವಿಗಾಗಿ ಇನ್ನೊಬ್ಬರ ಮಗುವಿನ ಗಾಯವನ್ನು ಕೆದಕಬಹುದೇ? ಕಾನ್ರಾಡ್ ಒಂದು ಗಳಿಗೆಯಾದರೂ ಹೀಗೆ ತಡವರಿಸುವುದಿಲ್ಲ. ಅವನು ಅವಳಿಗೆ ನಿಜ ಹೇಳುತ್ತಾನೆ, ಅವಳು ಕರಗುತ್ತಾಳೆ, ಅಲ್ಲಿಗೆ ಸಮಸ್ಯೆ ಮುಗಿಯಿತು. ಚಿಕಿತ್ಸೆಗೂ ವಿಚಾರಣೆಗೂ ನಡುವಿನ ಗೆರೆ ಅಳಿಸಿಹೋದದ್ದು ಚಿತ್ರಕ್ಕೆ ಕಾಣಿಸಿದಂತೆಯೇ ಇಲ್ಲ.

ಮನೆಯ ಕಥೆ ಬೇಗ ಹೇಳಿ ಮುಗಿಸುವಂಥದು. ಕಾಲು ಮುರಿದುಕೊಂಡು ಪ್ಲಾಸ್ಟರಿನಲ್ಲಿ ಮಲಗಿರುವ ಹೆಂಡತಿ (ಫಾಮ್‌ಕೆ ಯಾನ್ಸೆನ್), ಮನೆಯೊಳಗೆಲ್ಲ ಗುಪ್ತ ಕ್ಯಾಮೆರಾಗಳು. ಹಿಚ್‌ಕಾಕ್‌ರ ‘ರಿಯರ್ ವಿಂಡೋ’ವನ್ನು ತಿರುಗಿಸಿಟ್ಟ ಹಾಗೆ: ಅಲ್ಲಿ ಕಾಲು ಮುರಿದವನು ನೋಡುತ್ತಾನೆ, ಇಲ್ಲಿ ಕಾಲು ಮುರಿದವಳನ್ನು ನೋಡಲಾಗುತ್ತದೆ. ಈ ಸೂಚನೆಯೂ ಕೊನೆಗೊಂದು ಹೊಡೆದಾಟದಲ್ಲಿ ಕರಗಿಹೋಗುತ್ತದೆ. ಸೀನ್ ಬೀನ್ ಅಭಿನಯಿಸಿದ ಖಳ ಕಾಸ್ಟರನಿಗೆ ದೂರವಾಣಿಯ ದನಿಯ ಹೊರತು ವ್ಯಕ್ತಿತ್ವವಿಲ್ಲ.

ಆ ಸಂಖ್ಯೆಯಾದರೂ ಏನು? ನ್ಯೂಯಾರ್ಕಿನ ಹಾರ್ಟ್ ದ್ವೀಪದಲ್ಲಿ ಹೂತ ಶವಪೆಟ್ಟಿಗೆಯೊಂದರ ಗುರುತು. 1869ರಿಂದ ಆ ಮಹಾನಗರ ತನ್ನ ದಿಕ್ಕಿಲ್ಲದವರನ್ನು ಹೂಳುತ್ತ ಬಂದ ನೆಲ ಅದು. ಹತ್ತು ಲಕ್ಷಕ್ಕೂ ಮಿಕ್ಕ ಜನ ಅಲ್ಲಿದ್ದಾರೆ. ಉದ್ದುದ್ದ ಕಂದಕಗಳಲ್ಲಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಮಣ್ಣೆಳೆಯುವ ಕೆಲಸವನ್ನು ಬಹುಕಾಲ ಸೆರೆಮನೆಯ ಕೈದಿಗಳು ಮಾಡಿದರು. ಎಂಟು ವರ್ಷದ ಹುಡುಗಿಯೊಬ್ಬಳು ದೋಣಿಯಲ್ಲಿ ಅಡಗಿ ಅಲ್ಲಿಗೆ ಹೋಗಿ, ತಂದೆಯ ಪೆಟ್ಟಿಗೆಯಲ್ಲಿ ತನ್ನ ಬೊಂಬೆಯನ್ನಿಟ್ಟು, ಹೆಸರಿನ ಜಾಗದಲ್ಲಿದ್ದ ಅಂಕಿಗಳನ್ನು ಬಾಯಿಪಾಠ ಮಾಡಿ ಹತ್ತು ವರ್ಷ ಹೊತ್ತು ತಿರುಗುತ್ತಾಳೆ. ಅವಳ ಪಾಲಿಗೆ ಅದು ವಜ್ರದ ಗುಟ್ಟಲ್ಲ, ಅಪ್ಪನ ವಿಳಾಸ. ಚಿತ್ರದಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ. ಆದರೆ ದ್ವೀಪಕ್ಕೆ ಕಾಲಿಟ್ಟೊಡನೆ ಬೊಂಬೆಯೊಳಗಿನ ಕಲ್ಲು, ಬಂದೂಕು, ಕುಸಿಯುವ ಕಂದಕ ಇವಿಷ್ಟೇ ನಿರ್ದೇಶಕರಿಗೆ ಬೇಕಾಗುತ್ತವೆ.

ಮನೋವೈದ್ಯನನ್ನು ನಾಯಕನಾಗಿಸಿದ ನಮ್ಮ ಕಡೆಯ ಚಿತ್ರಗಳು ನೆನಪಾಗದೆ ಇರವು. ಮಲಯಾಳದ ‘ಮಣಿಚಿತ್ರತಾಳ್’ (1993) ಮತ್ತು ಅದರ ಕನ್ನಡ ರೂಪ ‘ಆಪ್ತಮಿತ್ರ’ (2004) ಎರಡನ್ನೂ ಮೂಲಭಾಷೆಯಲ್ಲೇ ನೋಡಬಲ್ಲ ಕಾಸರಗೋಡಿನ ಪ್ರೇಕ್ಷಕರಿಗೆ ಒಂದು ಸಂಗತಿ ತಪ್ಪದೆ ಕಂಡಿರಬೇಕು: ಮಲಯಾಳದ ಗಂಗೆ ಉನ್ಮಾದದಲ್ಲಿ ತಮಿಳು ಆಡುತ್ತಾಳೆ, ಕನ್ನಡದ ಗಂಗೆ ತೆಲುಗು. ಉನ್ಮಾದಕ್ಕೆ ನೆರೆಭಾಷೆಯ ವೇಷ ತೊಡಿಸುವ ಈ ಅಭ್ಯಾಸ ಪ್ರತ್ಯೇಕ ಲೇಖನವನ್ನೇ ಬೇಡುತ್ತದೆ, ಅದು ನಿರಪಾಯವಾದದ್ದೂ ಅಲ್ಲ. ಆದರೂ ಅಲ್ಲಿನ ವೈದ್ಯ ರೋಗಿಯ ಕಥೆಯನ್ನು ಒಡೆದು ಒಳಗಿನದನ್ನು ದೋಚುವುದಿಲ್ಲ. ಆ ಕಥೆಯೊಳಕ್ಕೆ ಹೊಕ್ಕು, ಅವಳ ಸೇಡಿಗೊಂದು ರಂಗಸಜ್ಜಿಕೆ ಹೂಡಿ, ಅದು ತೀರಲು ಬಿಡುತ್ತಾನೆ. ಶಾಸ್ತ್ರದ ಮಟ್ಟಿಗೆ ಅದು ಎಷ್ಟು ಸರಿಯೋ, ನಾಟಕದ ಮಟ್ಟಿಗೆ ಕೇಳುವ ಕಿವಿ ಅಲ್ಲಿದೆ.

ಫ್ಲೆಡರ್‌ರ ಚಿತ್ರದ ಕೊನೆಯಲ್ಲಿ ಕಾನ್ರಾಡ್ ಕುಟುಂಬ ಒಂದುಗೂಡುತ್ತದೆ. ಎಲಿಜಬೆತ್‌ಳನ್ನೂ ತಮ್ಮೊಡನೆ ಬಾ ಎಂದು ಕರೆಯಲಾಗುತ್ತದೆ. ಅವಳ ತಂದೆಯ ಪೆಟ್ಟಿಗೆಯನ್ನು ತೆರೆದವರು ಅದನ್ನು ಮತ್ತೆ ಮುಚ್ಚಿದರೇ ಎಂಬುದನ್ನು ಚಿತ್ರ ತೋರಿಸುವುದಿಲ್ಲ.